ವೈರಮುಡಿ: ಖಜಾನೆಯಿಂದ ಗುಡಿಗೆ

ಹಬ್ಬಗಳನ್ನು ಧಾರ್ಮಿಕ, ರಾಷ್ಟ್ರೀಯ ಎಂದು ವಿಂಗಡಿಸುವ ರೂಢಿಗೆ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ವೈರಮುಡಿ ಉತ್ಸವವು ದಕ್ಕುವುದಿಲ್ಲ. ಚೆಲುವನಾರಾಯಣನ ಈ ವಜ್ರಕಿರೀಟವಿರುವುದು ಗುಡಿಯಲ್ಲಲ್ಲ, ಮಂಡ್ಯದ ಜಿಲ್ಲಾ ಖಜಾನೆಯಲ್ಲಿ. ಉತ್ಸವದ ದಿನ ಅಧಿಕಾರಿಗಳ ಸಮ್ಮುಖದಲ್ಲಿ ಹೊರತೆಗೆದ ಪೆಟ್ಟಿಗೆಯು ಪೊಲೀಸರ ಕಾವಲಿನಲ್ಲಿ ಶ್ರೀರಂಗಪಟ್ಟಣ ಮಾರ್ಗವಾಗಿ ಸಾಗುತ್ತದೆ. ದಾರಿಯ ಊರುಗಳಲ್ಲಿ ಅದಕ್ಕೆ ಪೂಜೆ ಸಲ್ಲುತ್ತದೆ. ಹಗಲಿನ ಬೆಳಕು ಸೋಕಬಾರದೆಂಬ ನಂಬಿಕೆಯಿಂದ ಕಿರೀಟಧಾರಣೆ ರಾತ್ರಿಯೇ. ಸರ್ಕಾರದ ಖಜಾನೆಯೂ ಹೀಗೆ ಆಚರಣೆಯ ಅಂಗವೇ ಆಗಿದೆ. ರಾಜಮುಡಿಯು ರಾಜ ಒಡೆಯರ, ಕೃಷ್ಣರಾಜಮುಡಿಯು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಣಿಕೆ. ಅರಸೊತ್ತಿಗೆ ಅಳಿದರೂ ಪೋಷಕನ ಸ್ಥಾನ ತೆರವಾಗಲಿಲ್ಲ, ಜಿಲ್ಲಾಡಳಿತಕ್ಕೆ ಬಂದಿತು.

ಸುಲ್ತಾನನ ಮಗಳೆಂದು ಐತಿಹ್ಯವಿರುವ ಬೀಬಿ ನಾಚ್ಚಿಯಾರಳಿಗೂ ಇದೇ ಗುಡಿಯಲ್ಲಿ ಸ್ಥಾನವುಂಟು. ಕಿರೀಟವನ್ನು ಕಾಯುವ ಸರ್ಕಾರವೇ 2022ರಲ್ಲಿ, ಇಲ್ಲಿಯೂ ರೂಢಿಯಲ್ಲಿದ್ದ ‘ಸಲಾಂ ಆರತಿ’ಯ ‘ಸಲಾಂ’ ಪದವನ್ನು ‘ನಮಸ್ಕಾರ’ವೆಂದು ಬದಲಿಸಲು ತೀರ್ಮಾನಿಸಿತು.