ಗಿನಿಪಿಗ್ಗಿನ ಚರ್ಮ: ಸಹಜವಾದುದು ಯಾವುದು, ರೋಗ ಯಾವುದು

ಗಿನಿಪಿಗ್ಗನ್ನು ಹೊಸದಾಗಿ ಮನೆಗೆ ತಂದವರು ಅದರ ಕಿವಿಯ ಹಿಂದಿನ ಬೋಳುಜಾಗವನ್ನು ಕಂಡು ಚರ್ಮವ್ಯಾಧಿ ತಗುಲಿತೆಂದು ಗಾಬರಿಗೊಳ್ಳುವುದೂ, ಅವರೇ ಮುಂದೊಮ್ಮೆ ಬೆನ್ನಿನ ಮೇಲೆ ನಿಜವಾದ ರೋಗದ ಕಲೆ ಮೂಡಿದಾಗ ಇದೂ ಜಾತಿಲಕ್ಷಣವೇ ಇರಬೇಕೆಂದು ಸುಮ್ಮನಾಗುವುದೂ ಉಂಟು. ಮೊದಲನೆಯದರಿಂದ ಆಗುವ ನಷ್ಟ ಅಲ್ಪ. ಎರಡನೆಯದರಿಂದ ಒಂದು ಜೀವವೇ ಹೋಗಬಹುದು. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಪ್ರಾಂತದಲ್ಲಿ ಸಹಸ್ರಾರು ವರ್ಷಗಳ ಹಿಂದೆ ಮನುಷ್ಯನಿಗೆ ಒಗ್ಗಿದ ಈ ಸಾಧುಪ್ರಾಣಿ, ಬೇಟೆಗೆ ಗುರಿಯಾಗುವ ಸಣ್ಣ ಜೀವಿಗಳೆಲ್ಲದರಂತೆ, ತನ್ನ ನೋವನ್ನು ಮರೆಮಾಚುವ ಸ್ವಭಾವವನ್ನು ಇಂದಿಗೂ ಬಿಟ್ಟಿಲ್ಲವಾದುದರಿಂದ, ಅದರ ಆರೋಗ್ಯವನ್ನು ಅರಿಯಬಯಸುವವರು ಅದರ ಚರ್ಮವನ್ನು ನೋಡುವ ಅಭ್ಯಾಸ ಮಾಡಿಕೊಳ್ಳಬೇಕು. ಆ ಅಭ್ಯಾಸವಾದರೂ ಪ್ರಾಣಿ ಸ್ವಸ್ಥವಾಗಿರುವಾಗಲೇ ಆರಂಭವಾಗತಕ್ಕದ್ದು.

ಕಿವಿಗಳ ಹಿಂಬದಿಯ ಬೋಳುಜಾಗ ಎಲ್ಲ ಗಿನಿಪಿಗ್ಗುಗಳಿಗೂ ಹುಟ್ಟಿನಿಂದಲೇ ಬಂದದ್ದು. ನೀಳ ಕೂದಲಿನ ತಳಿಗಳಲ್ಲಿ ಅದು ಮರೆಯಾಗಿರುತ್ತದೆ, ಅಷ್ಟೆ. ಗಂಡು ಹೆಣ್ಣು ಎರಡಕ್ಕೂ ಹೊಟ್ಟೆಯ ಕೆಳಭಾಗದಲ್ಲಿ ಎರಡು ಮೊಲೆತೊಟ್ಟುಗಳಿದ್ದು, ಅವುಗಳ ಸುತ್ತ ರೋಮ ವಿರಳವಾಗಿರುವುದೂ ಸಹಜವೇ. ಕಿವಿಯಲ್ಲಿಯೂ ಅಂಗಾಲಿನಲ್ಲಿಯೂ ಕಾಣುವ ಕಪ್ಪು ಮಚ್ಚೆಗಳು ಸಮತಲವಾಗಿ, ನಯವಾಗಿ, ಬೆಳೆಯದೆ ಇದ್ದರೆ ಅವು ವರ್ಣವೈವಿಧ್ಯ ಮಾತ್ರ.

ಇವೆಲ್ಲಕ್ಕಿಂತ ಹೆಚ್ಚು ಜನರನ್ನು ಭ್ರಮೆಗೊಳಿಸುವುದು ಬೆನ್ನುಮೂಳೆ ಮುಗಿಯುವೆಡೆ, ಹೊರಗೆ ಬಾಲವೇ ಕಾಣದ ಈ ಪ್ರಾಣಿಯ ಪೃಷ್ಠದ ಮೇಲಿರುವ ಜಿಡ್ಡಿನ ಗ್ರಂಥಿ. ತನ್ನ ನೆಲೆಯನ್ನು ಗಂಧದಿಂದ ಗುರುತಿಸಲು ನಿಸರ್ಗವು ಕೊಟ್ಟ ಈ ಗ್ರಂಥಿ ಪ್ರಾಯಕ್ಕೆ ಬಂದ ಗಂಡುಗಳಲ್ಲಿ ವಿಶೇಷವಾಗಿ ಸ್ರವಿಸುವುದರಿಂದ, ಅಲ್ಲಿಯ ಕೂದಲು ಅಂಟಂಟಾಗಿ, ಕಂದುಬಣ್ಣಕ್ಕೆ ತಿರುಗಿ, ಮೇಣದಂತಹ ಪದರವೊಂದು ಚರ್ಮಕ್ಕೆ ಹತ್ತಿಕೊಂಡಿರುತ್ತದೆ. ಸ್ವಲ್ಪ ಕೊಬ್ಬರಿಎಣ್ಣೆ ಸವರಿ, ಜಿಡ್ಡು ಸಡಿಲಗೊಂಡ ಬಳಿಕ ಮೃದುವಾಗಿ ಒರೆಸಿ, ಬೆಚ್ಚನೆಯ ನೀರಿನಲ್ಲಿ ಆ ಭಾಗವನ್ನಷ್ಟೇ ತೊಳೆದು ಚೆನ್ನಾಗಿ ಒಣಗಿಸಿದರೆ ಸಾಕು. ಆದರೆ ಜಿಡ್ಡಿನಡಿಯ ಚರ್ಮ ಕೆಂಪಾಗಿದ್ದರೆ, ಊದಿಕೊಂಡಿದ್ದರೆ, ಅಥವಾ ಕೈಗೆ ಗಂಟು ಸಿಕ್ಕಿದರೆ ವೈದ್ಯರಿಗೆ ತೋರಿಸಬೇಕು.

ಇನ್ನು ರೋಗದ ಚಿಹ್ನೆಗಳು. ಅವುಗಳಲ್ಲಿ ಅತ್ಯಂತ ಯಾತನಾಮಯವಾದದ್ದು ಕಜ್ಜಿ. ಟ್ರಿಕ್ಸಾಕೇರಸ್ ಕೇವಿಯೆ ಎಂಬ, ಬರಿಗಣ್ಣಿಗೆ ಕಾಣದ ನುಸಿಯು ಚರ್ಮವನ್ನು ಕೊರೆದು ಒಳಹೊಕ್ಕಾಗ ಭುಜ, ಬೆನ್ನು, ತೊಡೆಗಳಲ್ಲಿ ಕೂದಲು ಉದುರಿ, ಚರ್ಮ ದಪ್ಪವಾಗಿ ಹೊಟ್ಟು ಏಳುತ್ತದೆ. ತುರಿಕೆ ವಿಪರೀತಕ್ಕೆ ಹೋದಾಗ, ಮೈ ಮುಟ್ಟಿದ ಮಾತ್ರಕ್ಕೆ ಪ್ರಾಣಿ ಉರುಳಿಬಿದ್ದು ಅಪಸ್ಮಾರ ಬಂದಂತೆ ಒದ್ದಾಡುವುದೂ ಉಂಟು. ಇದನ್ನು ಮೆದುಳಿನ ರೋಗವೆಂದು ಬಗೆದವರು ಮೂಲವನ್ನೇ ಕಾಣದೆ ಹೋಗುತ್ತಾರೆ. ಹುಳುಕಡ್ಡಿಯ ರೀತಿ ಬೇರೆ: ಅದು ಶಿಲೀಂಧ್ರದಿಂದ ಬರುವ ವ್ಯಾಧಿ, ಬಹುಮಟ್ಟಿಗೆ ಮೂಗು, ಕಣ್ಣು, ಕಿವಿಗಳ ಸುತ್ತ ಆರಂಭವಾಗಿ, ದುಂಡಗೆ, ಹೊಟ್ಟುಹೊಟ್ಟಾಗಿ ಹರಡುತ್ತದೆ, ಮನುಷ್ಯರಿಗೂ, ಅದರಲ್ಲಿಯೂ ಮಕ್ಕಳಿಗೆ ಬೇಗನೆ ಅಂಟುತ್ತದೆ. ಆದಕಾರಣ ಅನುಮಾನ ಬಂದೊಡನೆ ಆ ಪ್ರಾಣಿಯನ್ನು ಪ್ರತ್ಯೇಕವಾಗಿರಿಸಿ, ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯಬೇಕು.

ತುರಿಕೆಯಿಲ್ಲದೆಯೂ ಕೂದಲು ಉದುರುವುದುಂಟು. ವಯಸ್ಸಾದ ಹೆಣ್ಣಿನ ಎರಡು ಪಕ್ಕೆಗಳಲ್ಲಿಯೂ ಸಮಸಮವಾಗಿ ರೋಮ ಕ್ಷೀಣಿಸಿ, ಕೆಳಗಿನ ಚರ್ಮ ಮಾತ್ರ ನಯವಾಗಿಯೇ ಇದ್ದರೆ, ದೋಷವಿರುವುದು ಚರ್ಮದಲ್ಲಲ್ಲ, ಬಹುಶಃ ಅಂಡಾಶಯದಲ್ಲಿ ಬೆಳೆದ ನೀರುಗುಳ್ಳೆಗಳಲ್ಲಿ. ರೋಮ ಒರಟಾಗಿ, ಗಾಯ ಮಾಯದೆ, ಪ್ರಾಣಿ ನಡೆಯಲು ಹಿಂಜರಿದರೆ ಸಿ ಜೀವಸತ್ತ್ವದ ಕೊರತೆಯನ್ನು ಶಂಕಿಸಬೇಕು. ಮನುಷ್ಯನಂತೆ ಗಿನಿಪಿಗ್ಗಿನ ದೇಹವೂ ಈ ಸತ್ತ್ವವನ್ನು ತಾನೇ ತಯಾರಿಸಿಕೊಳ್ಳಲಾರದು. 1907ರಲ್ಲಿ ನಾರ್ವೆಯ ಆಕ್ಸೆಲ್ ಹೋಲ್ಸ್ಟ್ ಮತ್ತು ಥಿಯೊಡೋರ್ ಫ್ರೋಲಿಕ್ ಎಂಬ ವಿದ್ವಾಂಸರು ಬರಿಯ ಧಾನ್ಯಾಹಾರದಿಂದ ಈ ಪ್ರಾಣಿಯಲ್ಲಿ ಸ್ಕರ್ವಿ ರೋಗ ತಲೆದೋರುವುದನ್ನು ತೋರಿಸಿದರು. ಯಥೇಚ್ಛವಾದ ಒಣಹುಲ್ಲಿನ ಜೊತೆಗೆ ನಿತ್ಯವೂ ಒಂದೆರಡು ಹೋಳು ದೊಣ್ಣೆಮೆಣಸಿನಕಾಯಿ ಕೊಡುವುದು ಈ ಕೊರತೆಯನ್ನು ತಡೆಯುವ ಸುಲಭೋಪಾಯ. ಅಂಗಾಲು ಕೆಂಪೇರಿ ಊದಿದರೆ ತಂತಿಯ ಅಥವಾ ತೇವದ ನೆಲವನ್ನು ಒಡನೆಯೇ ಬದಲಿಸತಕ್ಕದ್ದು. ಉಪೇಕ್ಷಿಸಿದ ಹುಣ್ಣು ಎಲುಬಿನವರೆಗೂ ಇಳಿಯಬಲ್ಲದು.

ಕಲೆ ಯಾವುದೇ ಆಗಿರಲಿ, ಮನೆಯಲ್ಲಿರುವ ಮುಲಾಮನ್ನಾಗಲಿ ನಾಯಿ ಬೆಕ್ಕುಗಳ ಔಷಧಿಯನ್ನಾಗಲಿ ಪ್ರಯೋಗಿಸಕೂಡದು. ನಮಗೆ ಹಿತವಾದ ಪೆನಿಸಿಲಿನ್ ವರ್ಗದ ಔಷಧಿಯನ್ನು ಬಾಯಿಯ ಮೂಲಕ ಕೊಟ್ಟರೆ ಗಿನಿಪಿಗ್ಗಿನ ಕರುಳಿನ ಸೂಕ್ಷ್ಮಜೀವಿಗಳ ಸಮತೋಲ ಕೆಟ್ಟು ಮರಣವೇ ಸಂಭವಿಸಬಹುದು. ನುಸಿಯೋ ಶಿಲೀಂಧ್ರವೋ ಎಂಬುದನ್ನು ನಿರ್ಣಯಿಸಲು ಪಶುವೈದ್ಯರು ಚರ್ಮವನ್ನು ಕೆರೆದು ಸೂಕ್ಷ್ಮದರ್ಶಕದಡಿ ನೋಡುತ್ತಾರೆ, ಕೂದಲನ್ನು ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಆದರೆ ಬೋಳು ಎಂದು ಕಾಣಿಸಿತು, ಎಲ್ಲಿಂದ ಹರಡಿತು, ತುರಿಕೆ ಅದಕ್ಕೆ ಮೊದಲೋ ಅನಂತರವೋ ಎಂಬುದನ್ನು ಯಾವ ಉಪಕರಣವೂ ಹೇಳಲಾರದು. ವಾರಕ್ಕೊಮ್ಮೆ ಪ್ರಾಣಿಯನ್ನು ಮಡಿಲಲ್ಲಿ ಕೂರಿಸಿಕೊಂಡು, ಕೂದಲನ್ನು ಬಿಡಿಸಿ ಮೂಗಿನಿಂದ ಪೃಷ್ಠದವರೆಗೆ ನೋಡಿ, ತೂಕವನ್ನು ಬರೆದಿಟ್ಟುಕೊಳ್ಳುವವರು ಮಾತ್ರ ಅದಕ್ಕೆ ಉತ್ತರ ಕೊಡಬಲ್ಲರು. ಮಾತಿಲ್ಲದ ಜೀವವೊಂದನ್ನು ಮನೆಗೆ ತಂದವರು ವಹಿಸಿಕೊಂಡ ಹೊಣೆಯಲ್ಲಿ ಈ ನೋಟವೂ ಸೇರಿದೆ.