ಬೇತಮಂಗಲ: ಬಂಡಿದಾರಿಯ ಒಂದು ತಂಗುದಾಣ

ಚೆನ್ನೈಯಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗುವ ನಮ್ಮವರಿಗೆಲ್ಲ ಬಂಗಾರಪೇಟೆ ಚಿರಪರಿಚಿತ. ಆದರೆ ಆ ಪೇಟೆಯು ಮತ್ತೊಂದು ಊರಿನ ಭಾಗ್ಯವನ್ನು ತನ್ನದಾಗಿಸಿಕೊಂಡು ಬೆಳೆಯಿತೆಂಬುದನ್ನು ಬಲ್ಲವರು ವಿರಳ. ಆ ಊರು ಪಾಲಾರ್ ನದಿಯ ದಡದ ಬೇತಮಂಗಲ.

ಶಾಸನಗಳು ವಿಜಯಾದಿತ್ಯಮಂಗಲವೆಂದು ಕರೆದಿರುವ ಈ ಊರಿಗೆ ದೊಡ್ಡ ಕೆರೆಯೊಂದು ಆಧಾರ, ಮದರಾಸಿನ ಹೆದ್ದಾರಿ ಇನ್ನೊಂದು. ಕಾಂಚೀಪುರ, ಆರ್ಕಾಟು, ವೇಲೂರುಗಳನ್ನು ದಾಟಿ, ನಾಯಕನೇರಿ ಘಟ್ಟವನ್ನು ಹತ್ತಿ, ವೆಂಕಟಗಿರಿಕೋಟೆಯ ಮೂಲಕ ಬಂದ ಪಯಣಿಗನು ಇಲ್ಲಿ ಇಳಿದು ದಣಿವಾರಿಸಿಕೊಳ್ಳುತ್ತಿದ್ದನು. 1800ರ ಏಪ್ರಿಲಿನಲ್ಲಿ ಮದರಾಸನ್ನು ಬಿಟ್ಟ ಫ್ರಾನ್ಸಿಸ್ ಬುಕಾನನ್ ಶ್ರೀರಂಗಪಟ್ಟಣಕ್ಕೆ ಸಾಗಿದ್ದು ಇದೇ ಮಾರ್ಗವಾಗಿ. ಟಿಪ್ಪು ಮಡಿದು ಆಗ ವರ್ಷ ತುಂಬುತ್ತಲಿದ್ದಿತು.

ಉಳ್ಳವರಿಗೆ ಮೇನೆ, ಉಳಿದವರಿಗೆ ಎತ್ತಿನ ಬಂಡಿ, ಬಡವನಿಗೆ ಕಾಲ್ನಡಿಗೆ. ಹತ್ತೊಂಬತ್ತನೆಯ ಶತಮಾನದ ನಡುಭಾಗಕ್ಕೆ ‘ಟ್ರಾನ್ಸಿಟ್’ ಬಂಡಿಗಳು ಬಂದವು. ಅಲ್ಲಲ್ಲಿ ಎತ್ತುಗಳನ್ನು ಬದಲಿಸುತ್ತ ಅವು ರಾತ್ರಿಯೂ ನಡೆಯುತ್ತಿದ್ದವು. ಬಂಡಿ ನಿಂತ ಕಡೆ ಹುಲ್ಲು, ಹುರುಳಿ ಬೇಕು. ಲಾಳ ಕಟ್ಟುವವನು, ಅಚ್ಚಿಗೆ ಎಣ್ಣೆ ಹಾಕುವವನು ಬೇಕು. ಮೇನೆ ಹೊತ್ತ ಬೋಯಿಗಳಿಗೆ ಅನ್ನ, ಸಾಹುಕಾರನಿಗೆ ಜಗಲಿ ಬೇಕು. ಹೋಟೆಲಿನಲ್ಲಿ ದುಡಿಯುವ ವಾಚಕರಿಗೆ ಇದನ್ನು ವಿವರಿಸಬೇಕಾದ್ದಿಲ್ಲ. ಹಸಿದವರು ಬಂದು ನಿಲ್ಲುವಷ್ಟು ಕಾಲ ಅನ್ನ ಬಡಿಸುವವನ ಮನೆಯಲ್ಲಿಯೂ ಒಲೆ ಉರಿಯುವುದು.

1856ರ ಜುಲೈ 1ರಂದು ರಾಯಪುರಂ ನಿಲ್ದಾಣದಿಂದ ವಾಲಾಜಾ ರಸ್ತೆಯವರೆಗೆ ಮೊದಲ ರೈಲು ಹೊರಟಾಗ ಬೇತಮಂಗಲದವರು ಭಯಪಟ್ಟಿರಲಾರರು. ಅದು ಘಟ್ಟದ ಕೆಳಗಿನ ಸಮಾಚಾರ. ಎಂಟು ವರ್ಷಗಳಲ್ಲಿ, ಎಂದರೆ 1864ರಲ್ಲಿ, ಜೋಲಾರಪೇಟೆಯಿಂದ ಕುಪ್ಪಂ ಮಾರ್ಗವಾಗಿ ಹಳಿಯು ಬೆಂಗಳೂರನ್ನು ಮುಟ್ಟಿತು; ಬೇತಮಂಗಲವನ್ನು ಮುಟ್ಟಲಿಲ್ಲ. ಹಳಿಯ ಪಕ್ಕದಲ್ಲಿ ಮೈಸೂರಿನ ಚೀಫ್ ಕಮಿಷನರ್ ಬೌರಿಂಗರ ಹೆಸರಿನಲ್ಲಿ ಬೌರಿಂಗ್‌ಪೇಟೆ ಎದ್ದಿತು. ಅದೇ ಇಂದಿನ ಬಂಗಾರಪೇಟೆ. ವ್ಯಾಪಾರ ಅತ್ತ ಹೋಯಿತು. ತಾಲ್ಲೂಕು ಕಚೇರಿಯೂ ಹಿಂಬಾಲಿಸಿತು. ಕಚೇರಿ ಹೋದ ಮೇಲೆ ಗುಮಾಸ್ತನಾದರೂ ಅಲ್ಲಿ ಏಕೆ ಉಳಿದಾನು? ಊರು ಅಳಿಯಲಿಲ್ಲ, ತಂಗುದಾಣ ಅಳಿಯಿತು.

ಕೆರೆ ಮಾತ್ರ ಕೈಬಿಡಲಿಲ್ಲ. ಕೋಲಾರದ ಚಿನ್ನದ ಗಣಿಗಳಿಗೆ ನೀರುಣಿಸಿದ್ದು ಅದೇ. ಆ ಗಣಿಗಳೂ 2001ರಲ್ಲಿ ಮುಚ್ಚಿದವು.

ಈಗ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿಯು ಆ ಹಳೆಯ ದಿಕ್ಕನ್ನೇ ಹಿಡಿದಿದೆ. ಹೊಸಕೋಟೆಯಿಂದ ಬೇತಮಂಗಲದ ಬಳಿಯವರೆಗಿನ ಸುಮಾರು 70 ಕಿಲೋಮೀಟರು 2024ರ ಡಿಸೆಂಬರಿನಲ್ಲಿ ಸಂಚಾರಕ್ಕೆ ತೆರೆಯಿತು. ಎತ್ತಿನ ಬಂಡಿಗೆ ಅದರ ಮೇಲೆ ಪ್ರವೇಶವಿಲ್ಲ.