ವಂಶವಾಹಿಗಳ ಮೇಲಣ ಗುರುತುಗಳು

ಮನುಷ್ಯನ ದೇಹವು ಮೊದಲಿಗೆ ಒಂದೇ ಒಂದು ಜೀವಕೋಶ. ಅದು ಎರಡಾಗಿ, ಎರಡು ನಾಲ್ಕಾಗಿ, ಕೋಟ್ಯನುಕೋಟಿಯಾಗಿ ಬೆಳೆಯುವಾಗ ಮೂಲಕೋಶದಲ್ಲಿದ್ದ ಡಿ.ಎನ್.ಎ. ಎಂಬ ಗ್ರಂಥದ ಪ್ರತಿಯು, ಕೆಂಪು ರಕ್ತಕಣದಂಥ ಕೆಲವನ್ನುಳಿದು, ಎಲ್ಲ ಕೋಶಗಳಿಗೂ ದೊರೆಯುತ್ತದೆ. ಆದರೂ ಯಕೃತ್ತಿನ ಕೋಶವು ಪಿತ್ತವನ್ನು ಸ್ರವಿಸುತ್ತದೆ. ಮಿದುಳಿನ ಕೋಶವು ಸಂದೇಶಗಳನ್ನು ಸಾಗಿಸುತ್ತದೆ. ಒಂದೇ ಗ್ರಂಥವನ್ನು ಪಡೆದವರು ಇಷ್ಟು ಭಿನ್ನವಾದ ವೃತ್ತಿಗಳಲ್ಲಿ ನಿಷ್ಣಾತರಾದುದು ಹೇಗೆ?

1990ರಲ್ಲಿ ಆರಂಭವಾಗಿ 2003ರಲ್ಲಿ ಮುಗಿದ ಮಾನವ ಜೀನೋಮ್ ಯೋಜನೆಯು ಸುಮಾರು 300 ಕೋಟಿ ಅಕ್ಷರಗಳ ಈ ಗ್ರಂಥದ ಬಹುಭಾಗವನ್ನು ಓದಿ ಮುಂದಿಟ್ಟಿತು. ಮೇಲಿನ ಪ್ರಶ್ನೆಗೆ ಮಾತ್ರ ಅದರಿಂದ ಉತ್ತರ ದೊರೆಯಲಿಲ್ಲ. ಹಳಗನ್ನಡದ ಓಲೆಗರಿಗಳಲ್ಲಿ ಪದಗಳ ನಡುವೆ ಬಿಡುವಿಲ್ಲದೆ ಅಕ್ಷರಗಳು ಸಾಲಾಗಿ ನಿಂತಿರುತ್ತವೆ. ಎಲ್ಲಿ ಬಿಡಿಸಬೇಕು, ಎಲ್ಲಿ ಕೂಡಿಸಬೇಕು ಎಂಬುದನ್ನು ಬಲ್ಲವನಿಗೇ ಅವು ಕಾವ್ಯವಾಗುತ್ತವೆ. ಜೀವಕೋಶದಲ್ಲಾದರೋ, ಯಾವ ಭಾಗವನ್ನು ಓದಬೇಕು, ಯಾವುದನ್ನು ಬಿಡಬೇಕು ಎಂಬುದಕ್ಕೆ ಅಕ್ಷರಗಳ ಮೇಲೆಯೇ ರಾಸಾಯನಿಕ ಗುರುತುಗಳಿವೆ. ಇವುಗಳ ಅಧ್ಯಯನಕ್ಕೆ ಎಪಿಜೆನೆಟಿಕ್ಸ್ ಎಂದು ಹೆಸರು. 1942ರಲ್ಲಿ ಈ ಪದವನ್ನು ಬಳಕೆಗೆ ತಂದವನು ಬ್ರಿಟಿಷ್ ವಿಜ್ಞಾನಿ ವ್ಯಾಡಿಂಗ್ಟನ್. ಆಗ ಅದರ ಅರ್ಥವು ಇನ್ನೂ ವಿಶಾಲವಾಗಿತ್ತು. ಗ್ರೀಕಿನ ‘ಎಪಿ’ಯೂ ಸಂಸ್ಕೃತದ ‘ಅಪಿ’ಯೂ ಒಂದೇ ಮೂಲದವು. ಅಪಿಧಾನವೆಂದರೆ ಮುಚ್ಚಳ, ಈ ಗುರುತುಗಳಲ್ಲಿ ಅನೇಕವು ಮಾಡುವುದೂ ಮುಚ್ಚುವ ಕೆಲಸವನ್ನೇ.

ಗುರುತುಗಳಲ್ಲಿ ಮುಖ್ಯವಾದುದು ಮೀಥೈಲ್. ಡಿ.ಎನ್.ಎ.ಯ ನಾಲ್ಕು ಅಕ್ಷರಗಳಲ್ಲಿ ಒಂದಾದ ಸೈಟೋಸಿನ್ನಿಗೆ ಇದು ಅಂಟಿಕೊಳ್ಳುತ್ತದೆ. ಅದೂ ಬಹುಮಟ್ಟಿಗೆ ಮುಂದಿನ ಅಕ್ಷರವು ಗ್ವಾನಿನ್ ಆಗಿದ್ದರೆ ಮಾತ್ರ. ಪರವರ್ಣವನ್ನು ನೋಡಿ ಸಂಧಿಕಾರ್ಯವು ನಡೆಯುವಂತೆ. ಇಂಥ ಎಡೆಗಳು ಮನುಷ್ಯನಲ್ಲಿ ಸುಮಾರು 2.8 ಕೋಟಿ. ವಂಶವಾಹಿಯ ಆರಂಭಸ್ಥಾನದಲ್ಲಿ ಮೀಥೈಲ್ ದಟ್ಟವಾದರೆ ಆ ವಂಶವಾಹಿಯು ಸಾಮಾನ್ಯವಾಗಿ ಮೌನ ತಾಳುತ್ತದೆ. ಇನ್ನೊಂದು ಬಗೆಯ ಗುರುತುಗಳು ಹಿಸ್ಟೋನ್ ಎಂಬ ಪ್ರೋಟೀನುಗಳ ಮೇಲಿರುತ್ತವೆ. ಪ್ರತಿ ಕೋಶದಲ್ಲಿಯೂ ಸುಮಾರು 2 ಮೀಟರ್ ಉದ್ದದ ಡಿ.ಎನ್.ಎ. ಎಳೆಯು ಈ ಹಿಸ್ಟೋನುಗಳಿಗೆ ಸುತ್ತಿಕೊಂಡಿದೆ. ಸುತ್ತು ಬಿಗಿಯಾದಲ್ಲಿ ಓದು ನಡೆಯದು.

ಇವುಗಳ ನಕ್ಷೆಯನ್ನು ರಚಿಸುವುದು ಸುಲಭವಾಗಿರಲಿಲ್ಲ. ಅಕ್ಷರಗಳನ್ನು ಓದುವ ಸಾಮಾನ್ಯ ವಿಧಾನಕ್ಕೆ ಗುರುತುಳ್ಳ ಸೈಟೋಸಿನ್ನೂ ಗುರುತಿಲ್ಲದ ಸೈಟೋಸಿನ್ನೂ ಒಂದೇ. 1992ರಲ್ಲಿ ಆಸ್ಟ್ರೇಲಿಯದ ಮರಿಯಾನ್ ಫ್ರೊಮರ್ ಮತ್ತು ಸಂಗಡಿಗರು ಒಂದು ಉಪಾಯವನ್ನು ಪ್ರಕಟಿಸಿದರು. ಡಿ.ಎನ್.ಎ.ಯನ್ನು ಬೈಸಲ್ಫೈಟ್ ಎಂಬ ಲವಣದಿಂದ ಸಂಸ್ಕರಿಸಿದರೆ ಗುರುತಿಲ್ಲದ ಸೈಟೋಸಿನ್ ಯುರಾಸಿಲ್ ಆಗಿ ಮಾರ್ಪಟ್ಟು, ಪ್ರತಿ ತೆಗೆದಾಗ ಥೈಮಿನ್ ಎಂದು ಕಾಣಿಸುತ್ತದೆ. ಮೀಥೈಲನ್ನು ಹೊತ್ತ ಸೈಟೋಸಿನ್ ಮಾತ್ರ ಬದಲಾಗದೆ ಉಳಿಯುತ್ತದೆ. ಮೂಲಪಾಠವನ್ನು ಪಕ್ಕದಲ್ಲಿಟ್ಟುಕೊಂಡು ಪಾಠಾಂತರಗಳನ್ನು ಹೋಲಿಸಿದರೆ ಗುರುತು ಎಲ್ಲಿತ್ತೆಂಬುದು ತಾನಾಗಿ ಹೊರಬೀಳುತ್ತದೆ. ಗ್ರಂಥಸಂಪಾದನೆಯಲ್ಲಿ ನುರಿತವರಿಗೆ ಈ ಕ್ರಮವು ಅಪರಿಚಿತವೆನಿಸದು.

ಈ ಉಪಾಯದಿಂದಲೇ 2009ರಲ್ಲಿ ಕ್ಯಾಲಿಫೋರ್ನಿಯದ ಸಾಲ್ಕ್ ಸಂಸ್ಥೆಯ ಜೋಸೆಫ್ ಎಕರ್ ಮತ್ತು ಸಹೋದ್ಯೋಗಿಗಳು ಮಾನವ ಕೋಶದ ಮೀಥೈಲ್ ನಕ್ಷೆಯನ್ನು ಮೊದಲ ಬಾರಿಗೆ ಅಕ್ಷರ ಅಕ್ಷರವಾಗಿ ರಚಿಸಿದರು. ಭ್ರೂಣದ ಆಕರಕೋಶ, ಶ್ವಾಸಕೋಶದ ತಂತುಕೋಶ ಎಂಬ ಎರಡನ್ನು ಅವರು ಆರಿಸಿಕೊಂಡಿದ್ದರು. ಭ್ರೂಣದ ಕೋಶದಲ್ಲಿ ಗುರುತುಗಳ ಕಾಲುಭಾಗದಷ್ಟು ಗ್ವಾನಿನ್ ಪರವಾಗಿಲ್ಲದ ಎಡೆಗಳಲ್ಲಿಯೇ ಕಂಡುಬಂದುವು. ನಿಯಮಕ್ಕೆ ಇದು ದೊಡ್ಡ ಅಪವಾದ.

ಅಕ್ಷರಪಾಠಕ್ಕೆ ಒಂದು ಪ್ರತಿ ಸಾಕು. ಗುರುತುಗಳಿಗಾದರೋ ಕೋಶಕ್ಕೊಂದು ನಕ್ಷೆ ಬೇಕು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಕೈಗೊಂಡ ಯೋಜನೆಯು 2015ರಲ್ಲಿ 111 ಬಗೆಯ ಕೋಶ ಮತ್ತು ಊತಕಗಳ ನಕ್ಷೆಗಳನ್ನು ಪ್ರಕಟಿಸಿತು. ಇವುಗಳಿಂದಾದ ಪ್ರಯೋಜನವು ವೈದ್ಯರಿಗೂ ತಲುಪುತ್ತಿದೆ. ಗೆಡ್ಡೆಯನ್ನು ತಡೆಯಬೇಕಾದ ವಂಶವಾಹಿಗಳು ಅನುಚಿತ ಗುರುತಿನಿಂದ ಮೌನವಾಗಿರುವುದು ಹಲವು ಕ್ಯಾನ್ಸರುಗಳಲ್ಲಿ ಕಂಡುಬಂದಿದೆ. ಮೀಥೈಲ್ ಗುರುತನ್ನು ಕುಗ್ಗಿಸುವ ಅಜಾಸಿಟಿಡಿನ್ ಎಂಬ ಔಷಧಕ್ಕೆ, ಮೂಳೆಮಜ್ಜೆಯ ಒಂದು ಬಗೆಯ ರೋಗಕ್ಕಾಗಿ, ಅಮೆರಿಕದಲ್ಲಿ 2004ರಲ್ಲಿ ಅನುಮತಿ ದೊರೆಯಿತು.

ಹಸಿವು ಈ ಗುರುತುಗಳನ್ನು ತಿದ್ದಬಲ್ಲುದೆ ಎಂಬುದು ಹೆಚ್ಚು ಚರ್ಚೆಗೊಳಗಾದ ಪ್ರಶ್ನೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944–45ರ ಚಳಿಗಾಲದಲ್ಲಿ, ಪಶ್ಚಿಮ ನೆದರ್ಲೆಂಡ್ಸ್ ಜರ್ಮನರ ದಿಗ್ಬಂಧನಕ್ಕೆ ಸಿಕ್ಕಿ ಘೋರ ಕ್ಷಾಮವನ್ನು ಕಂಡಿತು. ಆ ದಿನಗಳಲ್ಲಿ ಗರ್ಭಾಂಕುರವಾಗಿ ಹುಟ್ಟಿದವರನ್ನು ಕ್ಷಾಮಕ್ಕೊಳಗಾಗದ ಅವರ ಒಡಹುಟ್ಟಿದವರೊಡನೆ ಹೋಲಿಸಿದ ಅಧ್ಯಯನವು 2008ರಲ್ಲಿ ಪ್ರಕಟವಾಯಿತು. ಬೆಳವಣಿಗೆಗೆ ಸಂಬಂಧಿಸಿದ ಐ.ಜಿ.ಎಫ್.2 ಎಂಬ ವಂಶವಾಹಿಯ ಮೇಲಣ ಮೀಥೈಲ್ ಆರು ದಶಕಗಳ ಬಳಿಕವೂ ಮೊದಲಿನವರಲ್ಲಿ ತುಸು ಕಡಮೆಯಿತ್ತು. ಬಸುರಿನ ಕೊನೆಯ ತಿಂಗಳುಗಳಲ್ಲಿ ತಾಯಿ ಹಸಿದಿದ್ದವರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ.

ಇಷ್ಟರಿಂದಲೇ ಅಜ್ಜಿಯ ಹಸಿವು ಮೊಮ್ಮಗನ ಮೈಯಲ್ಲಿ ಬರೆದಿದೆಯೆಂದು ಸಾರುವವರು ಅವಸರಪಡುತ್ತಾರೆ. ಆ ಅಧ್ಯಯನದಲ್ಲಿ ಓದಿದುದು ರಕ್ತದ ಡಿ.ಎನ್.ಎ.ಯಲ್ಲಿದ್ದ ಗುರುತನ್ನು, ವ್ಯತ್ಯಾಸವೂ ಅಲ್ಪವೇ. ಮಿಗಿಲಾಗಿ, ವೀರ್ಯಾಣು–ಅಂಡಾಣುಗಳ ಮೂಲಕೋಶಗಳು ರೂಪುಗೊಳ್ಳುವಾಗ ಒಮ್ಮೆ, ಗರ್ಭಾಂಕುರದ ಬಳಿಕ ಇನ್ನೊಮ್ಮೆ, ಮೀಥೈಲ್ ಗುರುತುಗಳ ಬಹುಪಾಲು ಅಳಿಸಿಹೋಗಿ ಹೊಸದಾಗಿ ಬರೆಯಲ್ಪಡುತ್ತವೆ.